ಸ್ಕೂಲ್ ಇನ್ಸ್‌ಪೆಕ್ಟರಿಗೆ ಪಾಠ ಹೇಳಿದವರು ಯಾರು?

ಬಿ.ಎಲ್. ರೈಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಶಾಸನಗಳು. ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟ, ಸುಮಾರು 9 ಸಾವಿರ ಶಾಸನ. 1894ರಲ್ಲಿ ಬಂದ ಮೂರನೇ ಸಂಪುಟದಲ್ಲಿ ನಮ್ಮ ಕಡೆಯ ತಾಲ್ಲೂಕುಗಳಿವೆ: ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ, ತಿರುಮಕೂಡಲು ನರಸೀಪುರ, ನಂಜನಗೂಡು. ಇತಿಹಾಸದ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ 'ಟಿಎನ್' ಅಂತಲೋ 'ಎನ್‌ಜೆ' ಅಂತಲೋ ಒಂದು ನಂಬರಿನ ಜೊತೆ ಕಂಡರೆ ಅದು ಇದೇ ಸಂಪುಟದ ಕಲ್ಲು. ಕಪಿಲೆ ದಡದ ಊರುಗಳಿಂದ ಹಿಡಿದು ತಲಕಾಡಿನ ಮರಳಿನವರೆಗೆ ಎಷ್ಟೋ ಕಲ್ಲುಗಳು ಹೀಗೆ ಪುಸ್ತಕ ಸೇರಿವೆ.

ಇದರಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ರೈಸ್ ಸಾಹೇಬರಿಗೆ ಸರ್ಕಾರ ಸಂಬಳ ಕೊಡೋಕೆ ಶುರು ಮಾಡಿದ್ದು ಶಾಸನ ಓದಲಿ ಅಂತ ಅಲ್ಲ. ಅವರು ಸ್ಕೂಲ್ ಇನ್ಸ್‌ಪೆಕ್ಟರ್! 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಬಂದರು. ಅದೇ ಮುಂದೆ ಸೆಂಟ್ರಲ್ ಕಾಲೇಜು ಆಯಿತು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಶಾಲೆ ತಪಾಸಣೆಗೆ ಅಂತ ಊರೂರು ಸುತ್ತುವಾಗ ಗುಡಿ ಮುಂದೆ, ಕೆರೆ ಏರಿ ಮೇಲೆ ಯಾರೂ ಓದಲಾಗದ ಕಲ್ಲುಗಳು ಕಣ್ಣಿಗೆ ಬಿದ್ದವು. ಉಳಿದ ಕತೆ ನಿಮಗೆ ಗೊತ್ತೇ ಇದೆ.

ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ಇತಿಹಾಸ ಅನ್ನೋದು ಶನಿವಾರ ಭಾನುವಾರದ ಹುಚ್ಚು ಅಷ್ಟೇ. ರೈಸ್ ಬಗ್ಗೆ ಓದ್ತಾ ಓದ್ತಾ ನನ್ನ ತಲೆ ಶಾಸನಗಳನ್ನ ಬಿಟ್ಟು ಅವರ ಮೂಲ ಕೆಲಸದ ಕಡೆ ಹೋಯ್ತು. ಮೇಷ್ಟ್ರಿಗೆ ಪಾಠ ಹೇಳೋದು ಹೇಗೆ ಅಂತ ಕಲಿಸೋಕೆ ಶಾಲೆ ಇದೆ. ಆದರೆ ಒಂದು ತಾಲ್ಲೂಕಿನ, ಒಂದು ಜಿಲ್ಲೆಯ ಶಾಲೆಗಳನ್ನೆಲ್ಲ ನೋಡಿಕೊಳ್ಳೋ ಅಧಿಕಾರಿಗೆ ಆ ಕೆಲಸ ಕಲಿಸಿದವರು ಯಾರು? ಹುಡುಕುತ್ತಾ ಹೋದರೆ ಅದೇ ಒಂದು ದೊಡ್ಡ ಕತೆ.

*

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಅಂತ ಒಂದು ಶುರುವಾಗಿದ್ದು 1857ರಲ್ಲಿ. 1854ರ ವುಡ್ ಸಾಹೇಬರ ವರದಿಯ ನಂತರ ಜುಡಿಷಿಯಲ್ ಕಮಿಷನರ್ ಆಗಿದ್ದ ಡೆವೆರೊ ಅದಕ್ಕೊಂದು ಯೋಜನೆ ಹಾಕಿಕೊಟ್ಟರು. ಅದಕ್ಕೂ ಮುಂಚೆ ಶಾಲೆಗಳೇ ಇರಲಿಲ್ಲ ಅಂತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲೇ ಮೈಸೂರಿನಲ್ಲಿ ರಾಜಾ ಫ್ರೀ ಸ್ಕೂಲ್ ತೆರೆದಿದ್ದರು. ಹಳ್ಳಿಗಳಲ್ಲಿ ಕೂಲಿಮಠ, ಜಗಲಿ, ಮರಳಿನ ಮೇಲೆ ಅಕ್ಷರ ತಿದ್ದಿಸುವ ಅಯ್ಯನೋರು ಇದ್ದರು. ಇನ್ನೂ ಹಿಂದಕ್ಕೆ ಹೋದರೆ ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ ಇದೆ. ನಾವು ಅಲ್ಲಿಗೆ ಹೋಗೋದು ಕೇಶವ ದೇವಾಲಯ ನೋಡೋಕೆ. ಆದರೆ 13ನೇ ಶತಮಾನದಲ್ಲಿ ಸೋಮನಾಥ ದಂಡನಾಯಕ ಮಾಡಿದ ಆ ಅಗ್ರಹಾರದ ಪೂರ್ತಿ ಹೆಸರು 'ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ'. ಹೆಸರಲ್ಲೇ ವಿದ್ಯೆ ಇದೆ. ಆ ವಿದ್ಯೆ ಯಾರ ಮಕ್ಕಳಿಗೆ ಸಿಗುತ್ತಿತ್ತು ಅನ್ನೋದು ಬೇರೆ ಮಾತು.

ಆ 'ಯಾರ ಮಕ್ಕಳಿಗೆ' ಅನ್ನೋ ಪ್ರಶ್ನೆಯನ್ನ ಭೂಗೋಳದ ಪ್ರಶ್ನೆ ಮಾಡಿದ್ದು ರೈಸ್. 1868ರಲ್ಲಿ ಜಾನ್ ಗ್ಯಾರೆಟ್ ಬದಲಿಗೆ ವಿದ್ಯಾ ಇಲಾಖೆಯ ನಿರ್ದೇಶಕರ ಕೆಲಸ ನೋಡಿಕೊಂಡರು. ಅದೇ ವರ್ಷ ಬಂದಿದ್ದು ಅವರ ಹೋಬಳಿ ಶಾಲೆ ಯೋಜನೆ. ಸರಳವಾಗಿ ಹೇಳೋದಾದರೆ ಪ್ರತಿ ಹೋಬಳಿಗೆ ಒಂದು ಸರ್ಕಾರಿ ಶಾಲೆ. ದೊಡ್ಡ ಊರಿಗಲ್ಲ, ಅಗ್ರಹಾರಕ್ಕಲ್ಲ, ಹೋಬಳಿಗೆ. ಇವತ್ತಿನ ಹೋಬಳಿಗಳ ಲೆಕ್ಕದಲ್ಲಿ ನೋಡಿದರೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಕಸಬಾ, ಬನ್ನೂರು, ಸೋಸಲೆ, ತಲಕಾಡು, ಮೂಗೂರು. ನಂಜನಗೂಡಿನಲ್ಲಿ ಕಸಬಾ, ಬಿಳಿಗೆರೆ, ಚಿಕ್ಕಯ್ಯನ ಛತ್ರ, ದೊಡ್ಡಕವಲಂದೆ, ಹುಲ್ಲಹಳ್ಳಿ. ಕಂದಾಯ ವಸೂಲಿಗೆ ಅಂತ ಎಳೆದಿದ್ದ ಗೆರೆಗಳನ್ನೇ ಶಾಲೆಗೂ ಬಳಸಿಕೊಂಡಿದ್ದು ನನಗೆ ತುಂಬಾ ಜಾಣತನ ಅನ್ನಿಸಿತು. ಶಾಲೆ ಎಲ್ಲೆಲ್ಲಿ ಇಲ್ಲ ಅಂತ ನಕ್ಷೆ ನೋಡಿದರೆ ಸಾಕು, ಗೊತ್ತಾಗುತ್ತೆ.

ಈ ಯೋಜನೆಯಲ್ಲಿ ಮೇಷ್ಟ್ರಿಗೆ ತರಬೇತಿಯ ವ್ಯವಸ್ಥೆ ಇತ್ತು. ನಾರ್ಮಲ್ ಸ್ಕೂಲಿಗೆ ಕಳಿಸಿ ಲೆಕ್ಕ, ಭೂಗೋಳ, ಪಾಠ ಮಾಡುವ ಕ್ರಮ ಕಲಿಸಿ ವಾಪಸ್ ಕಳಿಸೋದು. ಆದರೆ ಆ ಮೇಷ್ಟ್ರುಗಳ ಮೇಲಿನ ಡೆಪ್ಯುಟಿ ಇನ್ಸ್‌ಪೆಕ್ಟರಿಗೆ? ಅವನ ಮೇಲಿನವನಿಗೆ? ಏನೂ ಇಲ್ಲ. ಒಳ್ಳೆ ಹೆಡ್‌ಮಾಸ್ಟರ್ ಆಗಿದ್ದರೆ ಇನ್ಸ್‌ಪೆಕ್ಟರ್, ಒಳ್ಳೆ ಇನ್ಸ್‌ಪೆಕ್ಟರ್ ಆದರೆ ಡೈರೆಕ್ಟರ್. ಸ್ವತಃ ರೈಸ್ ಮೇಲೆ ಬಂದಿದ್ದು ಹಾಗೇ. ಅವರ ವಿಶ್ವವಿದ್ಯಾಲಯ ಅಂದರೆ ಸರ್ಕೀಟು. ಅದೆಷ್ಟು ಚೆನ್ನಾಗಿ ಕಲಿತಿದ್ದರು ಅಂದರೆ 1882ರಲ್ಲಿ ಇಡೀ ಇಂಡಿಯಾದ ಶಿಕ್ಷಣ ಪರಿಶೀಲಿಸಲು ಹಂಟರ್ ಆಯೋಗ ಬಂದಾಗ ಅದರ ಕಾರ್ಯದರ್ಶಿ ಕೆಲಸಕ್ಕೆ ಇವರನ್ನೇ ಕರೆದರು.

ಸಂಸ್ಥಾನದ ಆಚೆಗೂ ಇದೇ ಕತೆ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಚನ್ನಬಸಪ್ಪನವರಿಗೆ 'ಡೆಪ್ಯುಟಿ' ಅನ್ನೋದು ಹೆಸರಿನ ಭಾಗವೇ ಆಗಿಹೋಯ್ತು. ಶಾಲಾ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿ ಕನ್ನಡ ಶಾಲೆಗಳಿಗಾಗಿ ಅವರು ಮಾಡಿದ ಕೆಲಸಕ್ಕೆ ಜನ ಕೊಟ್ಟ ಬಿರುದು ಅದು. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ನಮ್ಮ ಪಂಜೆ ಮಂಗೇಶರಾಯರೂ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರೇ. ಮಕ್ಕಳ ಸಾಹಿತ್ಯ ಬರೆದವರಿಗೆ ಮಕ್ಕಳ ಶಾಲೆ ನೋಡೋ ಕೆಲಸ! ಇಂಥವರು ಸಿಕ್ಕ ಕಡೆ ಇಲಾಖೆ ಬೆಳಗಿತು. ಆದರೆ ಎಲ್ಲ ತಾಲ್ಲೂಕಿಗೂ ಒಬ್ಬೊಬ್ಬ ರೈಸ್, ಒಬ್ಬೊಬ್ಬ ಚನ್ನಬಸಪ್ಪ ಸಿಗ್ತಾರಾ?

*

ಇಲ್ಲಿ ಒಂದು ಹೋಲಿಕೆ ಮಾಡಬೇಕು. ಕಂದಾಯ ಇಲಾಖೆಯ ಕಡೆ ನೋಡಿ. ಮೈಸೂರು ಸಂಸ್ಥಾನದಲ್ಲಿ 1890ರ ದಶಕದಿಂದಲೇ ಸಿವಿಲ್ ಸರ್ವಿಸ್ ಪರೀಕ್ಷೆ ಇತ್ತು. ಮಾಸ್ತಿಯವರು ಪಾಸು ಮಾಡಿ 1914ರಲ್ಲಿ ಕೆಲಸಕ್ಕೆ ಸೇರಿದ್ದು ಅದೇ ಪರೀಕ್ಷೆಯಿಂದ. ತೆರಿಗೆ ವಸೂಲು ಮಾಡೋನು ತಯಾರಾಗಿ ಬರಬೇಕು ಅಂತ ಸರ್ಕಾರಕ್ಕೆ ಬಹಳ ಬೇಗ ಹೊಳೆಯಿತು. ಶಾಲೆ ನೋಡಿಕೊಳ್ಳೋನ ವಿಷಯದಲ್ಲಿ ಮಾತ್ರ ಅದು ಹೊಳೆಯೋಕೆ ಇನ್ನೂ ಬಹಳ ಕಾಲ ಬೇಕಾಯ್ತು.

ಇಲಾಖೆಯ ತುದಿಗೆ ದೊಡ್ಡ ದೊಡ್ಡ ವಿದ್ವಾಂಸರನ್ನ ತರೋದರಲ್ಲಿ ಸಂಸ್ಥಾನ ಹಿಂದೆ ಬೀಳಲಿಲ್ಲ. ಹೊರ್ಮುಸ್‌ಜಿ ಭಾಭಾ ಮೈಸೂರಿನ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ಅಣುವಿಜ್ಞಾನಿ ಹೋಮಿ ಭಾಭಾ ಅವರ ತಾತ ಇವರು. ಆಮೇಲೆ ಕೇಂಬ್ರಿಡ್ಜಿನಲ್ಲಿ ಓದಿದ ಸಿ.ಆರ್. ರೆಡ್ಡಿ ಬಂದರು. ದಲಿತ ಮಕ್ಕಳಿಗೆ ಸರ್ಕಾರಿ ಶಾಲೆ ಬಾಗಿಲು ತೆರೀಬೇಕು ಅಂತ ಗಟ್ಟಿಯಾಗಿ ನಿಂತ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಎನ್.ಎಸ್. ಸುಬ್ಬರಾಯರೂ ಕೇಂಬ್ರಿಡ್ಜಿನವರೇ, ಇಲಾಖೆ ನಡೆಸಿ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆದರು. ತುದಿಯಲ್ಲಿ ಕೇಂಬ್ರಿಡ್ಜು, ಬುಡದಲ್ಲಿ ನಾರ್ಮಲ್ ಸ್ಕೂಲು. ನಡುವೆ ಇರೋ ತಾಲ್ಲೂಕು ಇನ್ಸ್‌ಪೆಕ್ಟರ್ ಮಾತ್ರ ತಾನೇ ನೋಡಿ ಕಲಿಯಬೇಕು.

ಆ ನಡುವಿನವನ ಮೇಲೆ ಎಷ್ಟು ಭಾರ ಬಿತ್ತು ಅಂತ ತಿಳಿಯೋಕೆ ವಿಶ್ವೇಶ್ವರಯ್ಯನವರ ಕಾಲ ನೋಡಬೇಕು. ಅವರು ದಿವಾನರಾಗಿದ್ದ 1912ರಿಂದ 1918ರ ಆರು ವರ್ಷದಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. ಓದುವ ಮಕ್ಕಳು 1,40,000ದಿಂದ 3,66,000 ಆದರು. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ 1913ರಲ್ಲಿ ಬಂತು. ಆರು ವರ್ಷದಲ್ಲಿ ಶಾಲೆಗಳು ಎರಡು ಪಟ್ಟಿಗಿಂತ ಜಾಸ್ತಿ! ಪ್ರತಿ ಶಾಲೆಗೂ ಕಟ್ಟಡವೋ ಛಾವಡಿಯೋ ಹುಡುಕಬೇಕು, ಮೇಷ್ಟ್ರನ್ನ ಹಾಕಬೇಕು, ಊರಿನ ಗೌಡರನ್ನ ಒಪ್ಪಿಸಬೇಕು, ಯಾವ ಕೇರಿ ಮಕ್ಕಳನ್ನ ಒಳಗೆ ಕೂರಿಸ್ತಾರೆ ಯಾರನ್ನ ಹೊರಗೆ ನಿಲ್ಲಿಸ್ತಾರೆ ಅಂತ ನೋಡಬೇಕು. ಇದ್ಯಾವುದೂ ಬೆಂಗಳೂರಿನ ಆಫೀಸಿನಲ್ಲಿ ಕೂತು ಮಾಡೋ ಕೆಲಸ ಅಲ್ಲ. ಮಾಡಬೇಕಾದವನು ತಾಲ್ಲೂಕು ಕೇಂದ್ರದಿಂದ ಗಾಡಿ ಕಟ್ಟಿಕೊಂಡು ಹೊರಡೋ ಇನ್ಸ್‌ಪೆಕ್ಟರ್.

1930ರ ಶಾಸನ ಇನ್ನೊಂದು ಪ್ರಯೋಗ ಮಾಡಿತು. ಪ್ರಾಥಮಿಕ ಶಾಲೆಗಳನ್ನ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಕೈಗೆ ಕೊಟ್ಟಿತು. 1941ರಲ್ಲಿ ಸರ್ಕಾರ ಮತ್ತೆ ವಾಪಸ್ ತಗೊಂಡಿತು. ಅಧಿಕಾರ ಯಾರ ಕೈಯಲ್ಲಿರಬೇಕು ಅಂತ ಹತ್ತು ವರ್ಷ ಆಚೆ ಈಚೆ ಎಳೆದಾಡಿದ್ದಾಯ್ತು. ಆ ಅಧಿಕಾರ ನಡೆಸೋಕೆ ಏನು ಕಲಿತಿರಬೇಕು ಅನ್ನೋ ಮಾತು ಮಾತ್ರ ಹಿಂದೆಯೇ ಉಳಿಯಿತು.

ತಮಾಷೆ ನೋಡಿ, ನಾಯಕತ್ವದ ತರಬೇತಿ ನಂಜನಗೂಡಿಗೆ ಬಂದಿದ್ದು ಅಧಿಕಾರಿಗಳಿಗಿಂತ ಮೊದಲು ರೈತರ ಮಕ್ಕಳಿಗೆ. ವಯಸ್ಕರ ಶಿಕ್ಷಣ ಸಮಿತಿಯವರು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದರು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ, ಹಳ್ಳಿ ಹುಡುಗರಿಗೆ ಅಲ್ಲೇ ಊಟ, ಅಲ್ಲೇ ವಾಸ, ಅಲ್ಲೇ ಪಾಠ. ಊರಿಗೆ ವಾಪಸ್ ಹೋಗಿ ಊರನ್ನ ಮುಂದೆ ತರಲಿ ಅನ್ನೋ ಉದ್ದೇಶ.

*

ಇದೇ ಹೊತ್ತಿಗೆ ಅಮೆರಿಕದಲ್ಲಿ ಏನಾಗ್ತಿತ್ತು ಅಂತ ಒಂಚೂರು ನೋಡಿ ಬರೋಣ, ಯಾಕಂದ್ರೆ 'ಶಿಕ್ಷಣ ಆಡಳಿತ' ಅನ್ನೋದು ಒಂದು ಸ್ನಾತಕೋತ್ತರ ವಿಷಯವಾಗಿ ಬೆಳೆದಿದ್ದು ಅಲ್ಲಿ. ಅಲ್ಲಿ ಶಾಲಾ ಜಿಲ್ಲೆ ಅಂತಲೇ ಬೇರೆ ಇರುತ್ತೆ, ಅದಕ್ಕೊಂದು ಮಂಡಳಿ, ಮಂಡಳಿ ನೇಮಿಸೋ ಸೂಪರಿಂಟೆಂಡೆಂಟು. ಎಲ್‌ವುಡ್ ಕಬ್ಬರ್ಲಿ ಅನ್ನೋವರು ಓದಿದ್ದು ಭೌತಶಾಸ್ತ್ರ, ಭೂವಿಜ್ಞಾನ. ಸ್ಯಾನ್ ಡಿಯಾಗೋ ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಆದಾಗ ಆ ಕೆಲಸಕ್ಕೆ ಅಂತ ಏನೂ ಓದಿರಲಿಲ್ಲ. ನಮ್ಮ ರೈಸ್ ತರಾನೇ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. 1898ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು, 1905ರಲ್ಲಿ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮಾಡಿದರು, ಶಾಲಾ ಆಡಳಿತವನ್ನೇ ಪಾಠ ಮಾಡಿದರು. 1916ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾಲಯ ಶುರುವಾದ ವರ್ಷವೇ, ಅದರ ಮೇಲೆ ದಪ್ಪ ಪಠ್ಯಪುಸ್ತಕ ಬರೆದರು.

ಓದಿ 'ಆಹಾ' ಅನ್ನೋ ಮುಂಚೆ ಇನ್ನೊಂದು ವಿಷಯ. ಅದೇ ಪುಸ್ತಕದಲ್ಲಿ ಶಾಲೆಯನ್ನ ಕಾರ್ಖಾನೆಗೂ ಮಕ್ಕಳನ್ನ ಕಚ್ಚಾ ಮಾಲಿಗೂ ಹೋಲಿಸಿದ್ದಾರೆ. ಆಮೇಲಿನ ದಶಕಗಳಲ್ಲಿ ಅಲ್ಲಿನ ಆಡಳಿತ ಕೋರ್ಸುಗಳಲ್ಲಿ ಕಟ್ಟಡ, ಬಜೆಟ್ಟು, ಒಂದು ಪಾಠಕ್ಕೆ ಎಷ್ಟು ಖರ್ಚು ಅನ್ನೋ ಲೆಕ್ಕಾಚಾರಗಳೇ ತುಂಬಿಕೊಂಡವು. 1962ರಲ್ಲಿ ರೇಮಂಡ್ ಕ್ಯಾಲಹಾನ್ ಅನ್ನೋ ಇತಿಹಾಸಕಾರರು ಇದನ್ನೆಲ್ಲ ಬಿಚ್ಚಿಟ್ಟು ಒಂದು ಪುಸ್ತಕವನ್ನೇ ಬರೆದರು. ಅಂದರೆ ಡಿಗ್ರಿ ಇಲ್ಲದಿದ್ದರೆ ಒಂದು ಕಷ್ಟ, ಇದ್ದು ದಾರಿ ತಪ್ಪಿದರೆ ಇನ್ನೊಂದು ಕಷ್ಟ.

*

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಶುರುವಾಗಿದ್ದು 1962ರಲ್ಲಿ. ಯುನೆಸ್ಕೋ ನೆರವಿನಿಂದ ದೆಹಲಿಯಲ್ಲಿ ಏಷ್ಯಾದ ಶಿಕ್ಷಣ ಯೋಜಕರಿಗೆ ಅಂತ ಒಂದು ಕೇಂದ್ರ ಬಂತು. 1964ರಿಂದ 66ರವರೆಗಿನ ಕೊಠಾರಿ ಆಯೋಗ ಎರಡು ಮುಖ್ಯ ಮಾತು ಹೇಳಿತು. ಒಂದು, ಶಿಕ್ಷಣಾಧಿಕಾರಿಗಳಿಗೆ ರಾಷ್ಟ್ರಮಟ್ಟದ ಸ್ಟಾಫ್ ಕಾಲೇಜು ಬೇಕು. ಎರಡು, ಆಡಳಿತದ ಕೆಲಸ ಬೇರೆ, ಶಾಲೆಗೆ ಹೋಗಿ ಮೇಷ್ಟ್ರಿಗೆ ದಾರಿ ತೋರಿಸೋ ಕೆಲಸ ಬೇರೆ, ಎರಡನ್ನೂ ಒಬ್ಬನ ತಲೆಗೇ ಕಟ್ಟಬೇಡಿ. ಈ ಆಯೋಗದ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್ ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೈಲಿಗೆ ಹೋಗಿ ಬಂದು ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ್ದರು. ಹಳ್ಳಿ ಶಾಲೆ ಅಂದರೇನು ಅಂತ ಕಂಡಿದ್ದವರು ಬರೆದ ವರದಿ ಅದು.

ದೆಹಲಿಯ ಆ ಕೇಂದ್ರವೇ ಸ್ಟಾಫ್ ಕಾಲೇಜಾಗಿ, 1979ರಲ್ಲಿ ನೀಪಾ ಆಗಿ, 2006ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಅಂತ ಅವರು ನಡೆಸಿದ ಆರು ತಿಂಗಳ ಡಿಪ್ಲೊಮಾದ ರಚನೆ ನನಗೆ ತುಂಬಾ ಹಿಡಿಸಿತು. ಮೂರು ತಿಂಗಳು ದೆಹಲಿಯಲ್ಲಿ ಪಾಠ. ಇನ್ನು ಮೂರು ತಿಂಗಳು ವಾಪಸ್ ತಮ್ಮದೇ ಜಿಲ್ಲೆಗೆ ಹೋಗಿ, ತಮ್ಮದೇ ಒಂದು ಸಮಸ್ಯೆ ಹಿಡಿದು ಪ್ರಾಜೆಕ್ಟ್. ಅರ್ಧ ಪುಸ್ತಕ, ಅರ್ಧ ಸರ್ಕೀಟು!

ಮೈಸೂರಿಗೇ ಬಂದರೆ ಚಿತ್ರ ಇನ್ನೂ ಸ್ವಾರಸ್ಯ. 1963ರಲ್ಲಿ ಮಾನಸಗಂಗೋತ್ರಿ ಪಕ್ಕ ರೀಜನಲ್ ಕಾಲೇಜ್ ಆಫ್ ಎಜುಕೇಶನ್ ಬಂತು, ಈಗಿನ ಆರ್‌ಐಇ. ದಕ್ಷಿಣದ ರಾಜ್ಯಗಳಿಗೆಲ್ಲ ಮೇಷ್ಟ್ರುಗಳನ್ನ ತಯಾರು ಮಾಡುವ ಜಾಗ. ಲಲಿತಮಹಲ್ ರಸ್ತೆಯಲ್ಲಿ ಆಡಳಿತ ತರಬೇತಿ ಸಂಸ್ಥೆ, ಎಟಿಐ. ಅಲ್ಲಿ ಕೆಎಎಸ್ ಪ್ರೊಬೇಷನರುಗಳಿಗೆ ಕಡತ, ಕಾನೂನು, ಲೆಕ್ಕಪತ್ರ ಕಲಿಸ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಡಯಟ್ ವಸಂತಮಹಲಿನಲ್ಲಿದೆ. ಒಂದು ಕಡೆ ಪಾಠ ಮಾಡೋದು ಕಲಿಸ್ತಾರೆ, ಒಂದು ಕಡೆ ಆಡಳಿತ ಮಾಡೋದು ಕಲಿಸ್ತಾರೆ. ತಾಲ್ಲೂಕು ಶಿಕ್ಷಣಾಧಿಕಾರಿಗೆ ಬೇಕಾಗಿರೋದು ಎರಡೂ. ಎರಡನ್ನೂ ಸೇರಿಸಬೇಕಾದ ಜಾಗ ಡಯಟ್. 1989ರ ಮಾರ್ಗಸೂಚಿಯಲ್ಲಿ ಡಯಟ್‌ಗೆ ಏಳು ವಿಭಾಗ ಹೇಳಿದ್ದರು, ಅದರಲ್ಲಿ ಒಂದು ಯೋಜನೆ ಮತ್ತು ನಿರ್ವಹಣೆ. ಮುಖ್ಯೋಪಾಧ್ಯಾಯರಿಗೆ, ತಾಲ್ಲೂಕು ಅಧಿಕಾರಿಗಳಿಗೆ ಬೇಕಾದ ವಿದ್ಯೆ ಆ ವಿಭಾಗದ ಕೆಲಸ.

ಕರ್ನಾಟಕದಲ್ಲಿ ಜಿಲ್ಲೆಗೆ ಇಬ್ಬರು ಉಪನಿರ್ದೇಶಕರು ಇರೋದು ನಿಮಗೆ ಗೊತ್ತಿರಬಹುದು. ಒಬ್ಬರು ಆಡಳಿತ, ಇನ್ನೊಬ್ಬರು ಅಭಿವೃದ್ಧಿ. ಅಭಿವೃದ್ಧಿಯವರೇ ಡಯಟ್ ಪ್ರಾಂಶುಪಾಲರು. ಕೊಠಾರಿ ಆಯೋಗ ಬೇರೆ ಮಾಡಿ ಅಂದಿದ್ದು ಹೆಚ್ಚುಕಡಿಮೆ ಹೀಗೇ. ಆದರೆ ವರ್ಗಾವಣೆ ಅನ್ನೋದೊಂದು ಇದೆಯಲ್ಲ, ಅದು ಬಂದಾಗ ಅದೇ ಅಧಿಕಾರಿಗಳು ಈ ಕುರ್ಚಿಯಿಂದ ಆ ಕುರ್ಚಿಗೆ ಹೋಗ್ತಾರೆ. ಎರಡು ಬೇರೆ ಬೇರೆ ಪರಿಣತಿ ಅಂತ ಹುದ್ದೆಯಲ್ಲಿ ಒಪ್ಪಿಕೊಂಡಿದ್ದೀವಿ, ಓದಿನಲ್ಲಿ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

1990ರ ದಶಕದ ಕೊನೆಗೆ ಡಿಪಿಇಪಿ ಎರಡನೇ ಹಂತದಲ್ಲಿ ಮೈಸೂರು ಜಿಲ್ಲೆಯೂ ಸೇರಿತು. ಬಿಆರ್‌ಸಿ, ಸಿಆರ್‌ಪಿ ಅನ್ನೋ ಪದಗಳು ಹಳ್ಳಿ ಶಾಲೆಗೆ ಬಂದಿದ್ದು ಆವಾಗ. ಧಾರವಾಡದಲ್ಲಿ ಅಧಿಕಾರಿಗಳಿಗೆ ಅಂತಲೇ ಸೀಮ್ಯಾಟ್, ಮುಂದೆ ಸಿಸ್ಲೆಪ್ ಆಯ್ತು. ಕೆಲಸ ಮಾಡ್ತಾ ಮಾಡ್ತಾ ಓದೋರಿಗೆ ಇಗ್ನೋದಲ್ಲಿ ಶಿಕ್ಷಣ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಬಂತು. ಬೆಂಗಳೂರಿನಲ್ಲಿ 2010ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಎಂಎ ಶುರು ಮಾಡಿತು. ನೀಪಾ 2012ರಲ್ಲಿ ಶಾಲಾ ನಾಯಕತ್ವಕ್ಕೆ ಅಂತ ಬೇರೆ ಕೇಂದ್ರವನ್ನೇ ತೆರೆಯಿತು. 1857ರಲ್ಲಿ ಹುದ್ದೆ ಹುಟ್ಟಿತು. ಆ ಹುದ್ದೆಗೆ ಬೇಕಾದ ಓದು ಹೀಗೆ ಕಂತು ಕಂತಾಗಿ ಬರೋಕೆ ನೂರಾ ಐವತ್ತು ವರ್ಷ ಹಿಡೀತು.

*

ನಮ್ಮ ಸಾಫ್ಟ್‌ವೇರ್ ಲೋಕದಲ್ಲೂ ಇದೇ ರೋಗ ಇದೆ. ಚೆನ್ನಾಗಿ ಕೋಡ್ ಬರೆಯೋನನ್ನ ಮ್ಯಾನೇಜರ್ ಮಾಡ್ತಾರೆ. ಕಂಪನಿಗೆ ಒಬ್ಬ ಒಳ್ಳೆ ಪ್ರೋಗ್ರಾಮರ್ ನಷ್ಟ, ಒಬ್ಬ ಪೀಕಲಾಟದ ಮ್ಯಾನೇಜರ್ ಲಾಭ! ಆದರೆ ನಮ್ಮಲ್ಲಿ ಹಾಳಾಗೋದು ಒಂದು ರಿಲೀಸು. ತಾಲ್ಲೂಕಿನಲ್ಲಿ ಹಾಳಾಗೋದು ಒಂದು ಹುಡುಗಿಯ ಐದನೇ ಕ್ಲಾಸು, ಅದು ಮುಂದಿನ ವರ್ಷ ಮತ್ತೆ ಬರಲ್ಲ. ಒಬ್ಬರೇ ಮೇಷ್ಟ್ರು ಇರೋ ಶಾಲೆಗೆ ಇನ್ನೊಬ್ಬರನ್ನ ಯಾವಾಗ ಕಳಿಸಬೇಕು, ಹದಿನೈದು ಮಕ್ಕಳಿರೋ ಶಾಲೆ ಮುಚ್ಚಬೇಕೋ ಉಳಿಸಬೇಕೋ, ಬಿಸಿಯೂಟದ ಸಾಲಿನಲ್ಲಿ ಬೇರೆ ಕೂತ ಮಗುವನ್ನ ಯಾರು ಗಮನಿಸಬೇಕು... ಇದನ್ನೆಲ್ಲ ತೀರ್ಮಾನ ಮಾಡೋದು ವಿಧಾನಸೌಧ ಅಲ್ಲ, ಬಿಇಒ ಆಫೀಸು. ಆ ಕುರ್ಚಿಗೆ ಕೆಲವರು ಬಡ್ತಿಯಿಂದ, ಕೆಲವರು ಕೆಪಿಎಸ್‌ಸಿ ಪರೀಕ್ಷೆಯಿಂದ ಬರ್ತಾರೆ. ಎರಡೂ ಗೌರವದ ದಾರಿಗಳೇ. ಆದರೆ ಕೂತ ಮೊದಲ ದಿನ ಎದುರಿಗೆ ಬರೋದು ವರ್ಗಾವಣೆ ಅರ್ಜಿ, ಕೋರ್ಟ್ ಕೇಸು, ಸಂಜೆಯೊಳಗೆ ಕಳಿಸಬೇಕಾದ ಅಂಕಿಅಂಶ. ಶಾಲೆ ಸಾಲಿನಲ್ಲಿ ಕೊನೆಗೆ ನಿಲ್ಲುತ್ತೆ.

ನಮ್ಮ ದೊಡ್ಡಪ್ಪ ಮೇಷ್ಟ್ರಾಗಿದ್ದವರು. ಅವರಿಗೆ ಹತ್ತಾರು ಇನ್ಸ್‌ಪೆಕ್ಷನ್ ನೋಡಿದ ಅನುಭವ. ಅದರಲ್ಲಿ ಒಬ್ಬರನ್ನ ಮಾತ್ರ ಇವತ್ತಿಗೂ ನೆನೆಸ್ಕೋತಾರೆ. "ಅವ್ರು ಬಂದು ರಿಜಿಸ್ಟರ್ ಕೇಳ್ಲಿಲ್ಲ ಕಣಪ್ಪ. ಮೂರನೇ ಕ್ಲಾಸಲ್ಲಿ ಹುಡುಗ್ರ ಜೊತೆ ಮಣೆ ಮೇಲೆ ಕೂತ್ರು. ಆಮೇಲೆ ತಾವೇ ಎದ್ದು ಭಾಗಾಕಾರ ಹೇಳ್ಕೊಟ್ರು. ನಾನು ಹಿಂದೆ ನಿಂತು ನೋಡಿ ಕಲ್ತೆ" ಅಂತಾರೆ. ಹೋಗುವಾಗ ಶಾಲೆಯ ತಪಾಸಣೆ ಪುಸ್ತಕದಲ್ಲಿ ಒಂದು ಪುಟ ಬರೆದು ಹೋದರಂತೆ, ಬೈಗುಳ ಅಲ್ಲ, ಏನೇನು ಮಾಡಬಹುದು ಅಂತ.

ಆ ತಪಾಸಣೆ ಪುಸ್ತಕಗಳ ಬಗ್ಗೆ ಹೇಳೋಕೇ ಇಷ್ಟೆಲ್ಲ ಬರೆದೆ ಅಂದುಕೊಳ್ಳಿ. ನಮ್ಮಲ್ಲಿ ಶಾಲಾ ಆಡಳಿತದ ಒಳ್ಳೆ ಪಾಠಗಳು ಇರೋದು ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ ಮಾತ್ರ ಅಲ್ಲ. ಹಳೇ ಶಾಲೆಗಳ ಟ್ರಂಕುಗಳಲ್ಲಿ, ಬೀರುಗಳಲ್ಲಿ, ಇನ್ಸ್‌ಪೆಕ್ಟರುಗಳು ಬರೆದಿಟ್ಟು ಹೋದ ಷರಾಗಳಲ್ಲಿ ಇವೆ. ಯಾವ ಊರಿನವರು ಶಾಲೆಗೆ ಜಾಗ ಕೊಟ್ಟರು, ಸುಗ್ಗಿಯಲ್ಲಿ ಎಷ್ಟು ಮಕ್ಕಳು ಬರ್ತಿರಲಿಲ್ಲ, ಅದಕ್ಕೆ ಸಾಹೇಬರು ಏನು ದಾರಿ ಹೇಳಿದರು... ನಂಜನಗೂಡಿನ ಬಿಇಒ ಆಗೋರಿಗೆ ನಂಜನಗೂಡಿನದೇ ನೂರು ವರ್ಷದ ಉದಾಹರಣೆಗಳು ಪಠ್ಯ ಆದರೆ ಹೇಗಿರುತ್ತೆ ಯೋಚಿಸಿ. ಕಲ್ಲಿನ ಶಾಸನಗಳನ್ನ ಒಬ್ಬ ಇನ್ಸ್‌ಪೆಕ್ಟರ್ ಉಳಿಸಿಕೊಟ್ಟರು. ಇನ್ಸ್‌ಪೆಕ್ಟರುಗಳ ಕಾಗದದ ಶಾಸನಗಳನ್ನ ಉಳಿಸೋರು ಯಾರು? ಶಾಲೆ ಶತಮಾನೋತ್ಸವಕ್ಕೆ ಬಣ್ಣ ಹೊಡೆಸುವಾಗ ಮೊದಲು ರದ್ದಿಗೆ ಹೋಗೋದು ಇಂಥ ಪುಸ್ತಕಗಳೇ.

ಹಾಗಾಗಿ ಓದುಗ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ನೀವು ಓದಿದ ಸರ್ಕಾರಿ ಶಾಲೆಗೆ ಹೋಗಿ, ಹೆಡ್‌ಮಾಸ್ಟರ್ ಅನುಮತಿ ಕೇಳಿ, ಹಳೇ ತಪಾಸಣೆ ಪುಸ್ತಕ ಇದೆಯಾ ನೋಡಿ. ಇದ್ದರೆ ಒಂದಷ್ಟು ಪುಟಗಳ ಫೋಟೋ ತೆಗೆದಿಡಿ. ಬನ್ನೂರು, ಮೂಗೂರು, ಹುಲ್ಲಹಳ್ಳಿ, ಕವಲಂದೆ ಕಡೆಯವರು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ನನಗೂ ತಿಳಿಸಿ. ಟೈಪ್ ಮಾಡೋ ಕೆಲಸ ನನಗಿರಲಿ.